ಹದಿನೈದು ಅಡಿ ದೂರದ ನಂಟು

ನನ್ನ ಹತ್ತಿರ ಇರುವ ಲೆನ್ಸುಗಳಲ್ಲಿ ತೀರಾ ಅಗ್ಗದ್ದು ನಿಕಾನ್‌ನ ಹಳೇ 50 ಎಂಎಂ, ಎಫ್ 1.8ಡಿ. ಎಫ್ ಅಂದರೆ ಬೆಳಕು ಬರುವ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ತೂಕ 160 ಗ್ರಾಂ ಆಸುಪಾಸು, ಹೊರಗೆಲ್ಲ ಪ್ಲಾಸ್ಟಿಕ್. ಝೂಮ್ ಇಲ್ಲ, ಫೋಕಸ್ ಮಾಡುವ ಮೋಟರೂ ಇಲ್ಲ. ಕ್ಯಾಮೆರಾದೊಳಗಿನ ಮೋಟರೇ ಒಂದು ಸಣ್ಣ ಸ್ಕ್ರೂ ತಿರುಗಿಸಿ ಇದನ್ನು ಓಡಿಸಬೇಕು. ಆಗ ಝರ್ರ್ ಅಂತ ಸದ್ದು ಬೇರೆ. ಮದುವೆ ಕೆಲಸಕ್ಕೆ 24-70 ಝೂಮ್ ಇದೆ, ಹೊಟ್ಟೆಪಾಡು ಅದರಿಂದಲೇ. ಆದರೆ ಬೇರೆಯವರ ಕೈಗೆ ಕೊಡಲು ಮನಸ್ಸು ಬಾರದ್ದು ಈ ಅಗ್ಗದ ಲೆನ್ಸೇ.

ತಗೊಂಡಿದ್ದು ಯಕ್ಷಗಾನಕ್ಕಾಗಿ. ನಮ್ಮದು ದಕ್ಷಿಣ ಕನ್ನಡ, ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಸೀಮೆ. ಆಗ ಇದ್ದದ್ದು ಡಿ90 ಕ್ಯಾಮೆರಾ, ಅದರ ಜೊತೆಗೇ ಬಂದ ಝೂಮ್ ಲೆನ್ಸು. ಝೂಮ್ ಎಳೆದರೆ ಅದು ಎಫ್ 5.6ಕ್ಕೆ ಹೋಗಿ ನಿಲ್ಲುತ್ತಿತ್ತು. ಐಎಸ್‌ಒ (ಸೆನ್ಸರ್ ಬೆಳಕು ಹಿಡಿಯುವ ಚುರುಕು) 3200ರ ಮೇಲೆ ಹೋದರೆ ಚಿತ್ರದ ತುಂಬಾ ಕಾಳು. ಗದ್ದೆಯಲ್ಲಿ ಹಾಕಿದ ರಂಗಸ್ಥಳದ ಬೆಳಕಿಗೆ ಶಟರ್ 1/20 ಸೆಕೆಂಡ್ ಸಿಕ್ಕರೆ ಪುಣ್ಯ. ಅಷ್ಟರಲ್ಲಿ ವೇಷ ಅರ್ಧ ಸುತ್ತು ತಿರುಗಿರುತ್ತದೆ. ಎಫ್ 1.8ಕ್ಕೆ ಬಂದರೆ ಒಳಗೆ ಬರುವ ಬೆಳಕು ಸುಮಾರು ಹತ್ತು ಪಟ್ಟು ಜಾಸ್ತಿ. ಅದೇ ದೀಪ, ಅದೇ ಐಎಸ್‌ಒ, ಶಟರ್ 1/200. ಮೊದಲ ಸಲ ಕಿರೀಟದ ಕನ್ನಡಿ ಚೂರುಗಳು ಬಿಡಿಬಿಡಿಯಾಗಿ ಬಂದಾಗ ಆದ ಖುಷಿ ಇದೆಯಲ್ಲ, ಅದು ಬೇರೆಯೇ.

ಆದರೆ ಇದು ಉಪಯೋಗದ ಮಾತಾಯಿತು. ಹಚ್ಚಿಕೊಂಡಿದ್ದು ನಿಧಾನವಾಗಿ, ಕಾಲಿನ ಕಡೆಯಿಂದ. ಝೂಮ್ ಇಲ್ಲದ ಮೇಲೆ ನಾವೇ ಓಡಾಡಬೇಕಲ್ವಾ? ಕ್ಯಾಮೆರಾ ಉದ್ದಕ್ಕೆ ಹಿಡಿದು, ಕಿರೀಟದಿಂದ ಗೆಜ್ಜೆವರೆಗೆ ಪೂರ್ತಿ ವೇಷ ಬರಬೇಕಾದರೆ ಹದಿನೈದು ಅಡಿ ದೂರ ಬೇಕು. ಸೊಂಟದಿಂದ ಮೇಲೆ ಸಾಕಾದರೆ ಏಳೆಂಟು ಅಡಿ. ಇದನ್ನು ಯಾರೂ ಹೇಳಿಕೊಡಲಿಲ್ಲ. ಆಟದ ಮೇಲೆ ಆಟ ನೋಡುತ್ತಾ ಕಾಲಿಗೇ ಗೊತ್ತಾಯಿತು. ಈಗ ಗದ್ದೆಗೆ ಹೋದ ಕೂಡಲೇ ಎಲ್ಲಿ ಕೂರಬೇಕು ಅಂತ ಯೋಚಿಸುವುದೇ ಇಲ್ಲ.

ಚೌಕಿಯಲ್ಲಿ, ಅಂದರೆ ವೇಷದವರು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಲೆಕ್ಕ ಬೇರೆ. ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರು ಚಾಪೆ ಮೇಲೆ ಚಕ್ಕಳಮಕ್ಕಳ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು ಚಿಟ್ಟಿ ಇಡುತ್ತಿರುತ್ತಾರೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿ ಮುಳ್ಳುಗಳು, ಒಂದೊಂದಾಗಿ, ಗಂಟೆಗಟ್ಟಲೆ. ಮೊದಲು ಕೇಳಿ, ಅವರು ತಲೆ ಆಡಿಸಿದ ಮೇಲೆಯೇ ಪಕ್ಕದಲ್ಲಿ ಕೂರುವುದು. ಈ ಲೆನ್ಸು 45 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗುತ್ತದೆ. ಅಷ್ಟು ಹತ್ತಿರ ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಜಾಗ ಒಂದು ಸೆಂಟಿಮೀಟರಿಗೂ ಕಮ್ಮಿ. ಕೆನ್ನೆಯ ಒಂದು ಸಾಲು ಚಿಟ್ಟಿ ಸಿಕ್ಕರೆ ಕಿವಿ ಮಂಜಾಯಿತು ಅಂತಲೇ ಲೆಕ್ಕ. ಎಫ್ 2.8ಕ್ಕೆ ಇಳಿಸಿದರೆ ಹಿಂದಿನ ಬಲ್ಬುಗಳು ಏಳು ಮೂಲೆಯ ಬಿಲ್ಲೆಗಳಾಗುತ್ತವೆ, ಒಳಗೆ ಬೆಳಕಿನ ಕಿಂಡಿ ಕಿರಿದು ಮಾಡುವ ಏಳು ಎಲೆ ಇದೆಯಲ್ಲ. ಹೊಸ ಲೆನ್ಸುಗಳಲ್ಲಿ ಇದನ್ನು ದುಂಡಗೆ ಮಾಡಿದ್ದಾರೆ. ನನಗೆ ಮೂಲೆ ಇರುವುದೇ ಇಷ್ಟ.

ಪತ್ತನಾಜೆ (ಮೇ ಕೊನೆಗೆ ಬರುವ, ಆ ವರ್ಷದ ಆಟಗಳು ಮುಗಿಯುವ ದಿನ) ಕಳೆದು ಮೇಳದವರು ಗೆಜ್ಜೆ ಬಿಚ್ಚಿದರೆ ಮಳೆಗಾಲ. ಕರಾವಳಿಯ ಮಳೆಗೆ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ನನ್ನ ಉಪಾಯ ಇಷ್ಟೇ.

ಆಮೇಲೆ ಮಿರರ್‌ಲೆಸ್ ಕಾಲ ಬಂತು. ನಿಕಾನ್‌ನ ಝಡ್ 6 ತಗೊಂಡೆ, ಒಳಗೆ ಕನ್ನಡಿ ಇಲ್ಲದ ಹೊಸ ನಮೂನೆಯ ಕ್ಯಾಮೆರಾ. ಹಳೇ ಲೆನ್ಸು ಕೂರಿಸಲು ಎಫ್‌ಟಿಝಡ್ ಅಡಾಪ್ಟರ್ ಇದೆ, ಆದರೆ ಸ್ಕ್ರೂ ತಿರುಗಿಸುವ ಮೋಟರ್ ಅದರಲ್ಲಿಲ್ಲ. ಅಂದರೆ ಇನ್ನು ಫೋಕಸ್ ಕೈಯಲ್ಲೇ. ಅದು ನನಗೆ ದೊಡ್ಡ ತಲೆನೋವಾಗಲಿಲ್ಲ. ತಲೆನೋವಾದದ್ದು ಬೇರೆ. ಡಿ90ರ ಸೆನ್ಸರ್ ಚಿಕ್ಕದು, ಇದರದ್ದು ದೊಡ್ಡದು. ಹಾಗಾಗಿ ಅದೇ ಲೆನ್ಸು, ಅದೇ ಜಾಗ, ವೇಷ ಮಾತ್ರ ದೂರ ಸರಿದಿದೆ! ಪೂರ್ತಿ ವೇಷ ತುಂಬಿಸಲು ಹತ್ತು ಅಡಿಗೆ ಹೋಗಬೇಕು. ಹೋದರೆ ಹಿಂದೆ ಕೂತವರಿಗೆ ಅಡ್ಡ. ಅಟ್ಟಣೆ ಎತ್ತರದಲ್ಲಿರುವುದರಿಂದ ಗಲ್ಲದ ಅಡಿಯಿಂದ ನೋಡಿದಂತೆ ಬರುತ್ತದೆ, ಹಣೆಯ ಬಣ್ಣ ಮರೆಯಾಗುತ್ತದೆ. ಲೆನ್ಸನ್ನು ಹಚ್ಚಿಕೊಂಡಿದ್ದೇನೆ ಅಂದುಕೊಂಡಿದ್ದೆ. ನಾನು ಹಚ್ಚಿಕೊಂಡಿದ್ದು ಆ ಹದಿನೈದು ಅಡಿಯನ್ನು.

ಹಾಗಾಗಿ ಆಟಕ್ಕೆ ಹೋದಾಗ ಕ್ಯಾಮೆರಾವನ್ನು, ಸೆನ್ಸರಿನಲ್ಲಿ ಡಿ90ರಷ್ಟೇ ಭಾಗ ಬಳಸುವ ಡಿಎಕ್ಸ್ ಕ್ರಾಪ್‌ಗೆ ಹಾಕುತ್ತೇನೆ. 24 ಮೆಗಾಪಿಕ್ಸೆಲ್‌ನಲ್ಲಿ ಹತ್ತು ಉಳಿಯುತ್ತದೆ. ದುಡ್ಡು ಕೊಟ್ಟು ತಗೊಂಡದ್ದನ್ನು ಸುಮ್ನೆ ಹಾಳು ಮಾಡ್ತೀಯಲ್ಲ ಮಾರಾಯ ಅಂತ ಗೆಳೆಯರು ಬೈಯುತ್ತಾರೆ. ಬೈಯಲಿ, ಡಿ90ರಲ್ಲಿ ಇದ್ದದ್ದೂ ಹನ್ನೆರಡೇ.

ಫೋಕಸ್ ಮಾಡುವ ರೀತಿ ಹೀಗೆ. ರಂಗಸ್ಥಳದಲ್ಲಿ ನನ್ನಿಂದ ಹದಿನೈದು ಅಡಿ ದೂರದ ಒಂದು ಜಾಗ ಗುರುತಿಸಿಕೊಂಡು, ಆಟ ಶುರುವಾಗುವ ಮೊದಲೇ ರಿಂಗ್ ತಿರುಗಿಸಿ ಅಲ್ಲಿಗೆ ನಿಲ್ಲಿಸುತ್ತೇನೆ. ಎಫ್ 2.8 ಇಟ್ಟರೆ ಆ ದೂರದಲ್ಲಿ ಹಿಂದೆ ಮುಂದೆ ಸೇರಿ ಸುಮಾರು ಮೂರು ಅಡಿ ಸ್ಪಷ್ಟ. ಐಎಸ್‌ಒ 6400, ಶಟರ್ 1/200ಕ್ಕಿಂತ ಕಮ್ಮಿ ಬೇಡ. ಪುಂಡುವೇಷ (ಎಳೆ ವೀರರ ಪಾತ್ರ) ದಿಗಿಣ (ಸುತ್ತುತ್ತಾ ಹಾರುವ ಕುಣಿತ) ಹಾಕುತ್ತಾ ಸುತ್ತು ಬರುತ್ತದೆ, ಚೆಂಡೆ ಏರುತ್ತದೆ. ಆ ಮೂರು ಅಡಿಯೊಳಗೆ ಬಂದಾಗ ಒತ್ತುವುದು, ದಾಟಿದರೆ ಮುಂದಿನ ಸುತ್ತಿಗೆ ಕಾಯುವುದು.