ಎಡಗಡೆ ಯಾರಿದ್ದೀರಿ?

2004ರಲ್ಲಿ ಬೆಂಗಳೂರಿನ ಸಿ ಡಿವಿಷನ್ ಫುಟ್‌ಬಾಲ್ ಕ್ಲಬ್ಬೊಂದರ ಆಯ್ಕೆಗೆ ಹೋಗಿದ್ದೆ. ಭದ್ರಾವತಿಯಲ್ಲಿ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಮುಖ ತೊಳೆದುಕೊಂಡು ನೇರ ಮೈದಾನಕ್ಕೆ ಹೋದೆ. ನಲವತ್ತು ಹುಡುಗರಿದ್ದೆವು. "ಫಾರ್ವರ್ಡ್ ಯಾರು?" ಅಂತ ಕೋಚ್ ಕೇಳಿದಾಗ ಅರ್ಧಕ್ಕರ್ಧ ಕೈ ಮೇಲೆದ್ದವು. ಮಿಡ್‌ಫೀಲ್ಡ್ ಅಂದಾಗ ಉಳಿದವರೆಲ್ಲ ಎದ್ದರು. "ಎಡಗಡೆ ಬ್ಯಾಕ್ ಆಡೋರು ಯಾರಿದ್ದೀರಿ?" ಅಂದಾಗ, ಅಂದರೆ ಎಡಬದಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವ ಜಾಗಕ್ಕೆ, ಯಾರೂ ಉಸಿರೆತ್ತಲಿಲ್ಲ. ನಾನು ಬಲಗಾಲಿನವ, ಊರಲ್ಲಿ ಆಡುತ್ತಿದ್ದದ್ದು ನಡುಮೈದಾನದಲ್ಲಿ. ಆದರೂ ಕೈ ಎತ್ತಿದೆ. ಆ ಜಾಗದಲ್ಲೇ 2018ರವರೆಗೆ ಆಡಿದೆ. ಒಟ್ಟು ಐದು ಕ್ಲಬ್ಬು. ಎ ಡಿವಿಷನ್ ದಾಟಿ ಎಲ್ಲಕ್ಕಿಂತ ಮೇಲಿನ ಸೂಪರ್ ಡಿವಿಷನ್‌ಗೆ ಹೋಗಲು ಆಗಲಿಲ್ಲ.

ಅಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಶಿಫ್ಟ್ ಮುಗಿಸಿ ಬಂದವರೇ ಸಂಜೆ ಮೈದಾನಕ್ಕೆ ಇಳಿಯುತ್ತಿದ್ದರು, ನಾವು ಮಕ್ಕಳು ಗೋಲಿನ ಹಿಂದೆ ಚೆಂಡು ಹೆಕ್ಕುತ್ತಿದ್ದೆವು. ನಮಗೆ ಕಲಿಸಿದ ಹಿರಿಯರೊಬ್ಬರು 1948ರ ಲಂಡನ್ ಒಲಿಂಪಿಕ್ಸ್ ಕಥೆ ಹೇಳುವುದನ್ನು ಬಿಡುತ್ತಿರಲಿಲ್ಲ. ಭಾರತದ ಆಟಗಾರರಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡಿದ್ದು, ಫ್ರಾನ್ಸ್ ವಿರುದ್ಧ 1–2ರಿಂದ ಸೋತದ್ದು, ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್ ಎನ್ನುವುದು, ಎಲ್ಲ ನಮಗೆ ಬಾಯಿಪಾಠ. ನಾವೂ ಬರಿಗಾಲಲ್ಲೇ ಕಲಿತವರು. ಮೊದಲ ಬೂಟು ಸಿಕ್ಕಿದಾಗ ನನಗೆ ಹದಿನಾರು ವರ್ಷ.

ಮಲೆನಾಡಿನ ಮಳೆಯಲ್ಲಿ ಆಡಿ ಬೆಳೆದದ್ದು ನನಗೆ ಸಿಕ್ಕ ದೊಡ್ಡ ಬಂಡವಾಳ. ನೀರು ನಿಂತ ಮೈದಾನದಲ್ಲಿ ಬದಿಯಲ್ಲಿ ಓಡುವ ಎದುರಾಳಿ ವಿಂಗರ್ ಚೆಂಡು ತಳ್ಳಿಕೊಂಡು ಬಂದರೆ ಅವನ ಕಾಲಿಗೆ ಬಿದ್ದು ಚೆಂಡು ಕಸಿಯುವ ಅಗತ್ಯವೇ ಇಲ್ಲ. ಚೆಂಡು ಗುಂಡಿಯ ನೀರಿಗೆ ಬಿದ್ದು ಗಕ್ಕನೆ ನಿಲ್ಲುತ್ತದೆ, ಆಳು ಅದೇ ವೇಗದಲ್ಲಿ ಮುಂದೆ ಹೋಗಿಬಿಡುತ್ತಾನೆ. ಎರಡು ಹೆಜ್ಜೆ ಹಿಂದೆ ನಿಂತು ಕಾದರೆ ಚೆಂಡು ನಮ್ಮದೇ. ಎಲ್ಲೆಲ್ಲಿ ನೀರು ನಿಂತಿದೆ ಎಂದು ಆಟಕ್ಕೆ ಮೊದಲೇ ಎಡಬದಿಯ ಗೆರೆಯುದ್ದಕ್ಕೂ ನಡೆದು ನೋಡಿಕೊಳ್ಳುತ್ತಿದ್ದೆ. ಬೆಂಗಳೂರಿನ ಗಟ್ಟಿ ನೆಲದಲ್ಲಿ, ಆಮೇಲೆ ಕೃತಕ ಹುಲ್ಲಿನ ಮೇಲೆ, ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಅಲ್ಲಿ ಚೆಂಡು ನಿಲ್ಲುವುದೇ ಇಲ್ಲ. ಮೊದಲ ಸೀಸನ್‌ನಲ್ಲಿ ಕಾಯುತ್ತಾ ನಿಂತು ಎಷ್ಟು ಸಲ ಮೋಸಹೋದೆನೋ. ಆದರೂ ಆಟಕ್ಕೆ ಮೊದಲು ನೆಲ ನೋಡುವ ಅಭ್ಯಾಸ ಬಿಡಲಿಲ್ಲ.

ಎಡಗಾಲನ್ನು ಪಳಗಿಸಿದ್ದು ಪೀಣ್ಯದ ಗೋದಾಮೊಂದರ ಹಿಂದಿನ ಗೋಡೆಗೆ. ಅಲ್ಲಿ ಮಾಲು ಎಣಿಸುವ ಕೆಲಸವಿತ್ತು, ಊಟ ಮತ್ತು ಬಾಡಿಗೆ ಅದರಿಂದಲೇ. ಲೀಗ್‌ನಲ್ಲಿ ಬಸ್ ಚಾರ್ಜು, ಆಟದ ದಿನ ಊಟ, ಗೆದ್ದರೆ ಒಂದಿಷ್ಟು ಕಾಸು ಸಿಗುತ್ತಿತ್ತು, ಅಷ್ಟೇ. ದಿನಾ ಬೆಳಿಗ್ಗೆ ಗೋಡೆಗೆ ಎಡಗಾಲಲ್ಲಿ ಇನ್ನೂರು ಹೊಡೆತ. ಮೊದಲ ತಿಂಗಳು ಚೆಂಡು ಎಲ್ಲೆಂದರಲ್ಲಿ ಹೋಗುತ್ತಿತ್ತು. ತಪ್ಪು ಎಡಗಾಲಿನದಲ್ಲ, ಬಲಗಾಲಿನದು ಎಂದು ಗೊತ್ತಾಗಲು ಬಹಳ ದಿನ ಹಿಡಿಯಿತು. ಊರುವ ಕಾಲು ಚೆಂಡಿನಿಂದ ದೂರ ಬೀಳುತ್ತಿತ್ತು. ಬಲಪಾದವನ್ನು ಚೆಂಡಿನ ಪಕ್ಕಕ್ಕೇ ತಂದು, ಬೆರಳು ಗುರಿಯ ಕಡೆ ಇಟ್ಟ ಮೇಲೆ ಎಡಗಾಲು ತಾನಾಗಿ ಮಾತು ಕೇಳಿತು. ಈಗ ಹುಡುಗರಿಗೂ ಮೊದಲು ಊರುವ ಕಾಲನ್ನೇ ತಿದ್ದುತ್ತೇನೆ.

ದುಡ್ಡು ಅಂತ ಕಂಡದ್ದು ಸೆವೆನ್ಸ್‌ನಲ್ಲಿ. ಗೆಳೆಯನೊಬ್ಬ ಕರೆದ ಅಂತ ಕೇರಳದ ಮಲಪ್ಪುರಂ ಕಡೆ ಎರಡು ಬೇಸಿಗೆ ಆಡಿದೆ. ಒಂದೊಂದು ಕಡೆಗೆ ಏಳೇ ಜನ, ರಾತ್ರಿ ದೀಪದ ಬೆಳಕು, ಬಿದಿರು-ಮರ ಕಟ್ಟಿ ನಿಲ್ಲಿಸಿದ ಗ್ಯಾಲರಿ, ಉಸಿರಾಡಲೂ ಜಾಗವಿಲ್ಲದಷ್ಟು ಜನ. ಆಫ್ರಿಕಾದಿಂದ ಬಂದ ಆಟಗಾರರ ಹೆಗಲು ತಾಗಿದರೆ ಎರಡು ದಿನ ನೋವು. ಆಟ ಮುಗಿದ ರಾತ್ರಿಯೇ ಕೈಗೆ ನಗದು. ತಂಗಿಯ ಮದುವೆಗೆ ನನ್ನ ಪಾಲು ಕೊಟ್ಟದ್ದು ಆ ದುಡ್ಡಿನಲ್ಲಿ.

2011ರಲ್ಲಿ ಮೊಣಕಾಲು ಹೋಯಿತು. ಯಾರೂ ಮುಟ್ಟಿರಲಿಲ್ಲ. ಓಡುತ್ತಾ ಬಂದು ತಿರುಗಿದೆ, ಒಳಗೆ "ಟಕ್" ಅಂದಿತು. ಸಂಜೆಯೊಳಗೆ ಮೊಣಕಾಲು ತೆಂಗಿನಕಾಯಿ ಗಾತ್ರ ಆಯಿತು. ಸ್ಕ್ಯಾನ್‌ನಲ್ಲಿ ಒಳಗಿನ ಲಿಗಮೆಂಟ್ ಪೂರ್ತಿ ಹರಿದಿದೆ ಎಂದು ಬಂತು. ಆಪರೇಷನ್ನಿನ ಅರ್ಧ ಖರ್ಚು ನಮ್ಮದು ಎಂದು ಕ್ಲಬ್ಬಿನವರು ಬಾಯಿಮಾತಲ್ಲಿ ಹೇಳಿದ್ದರು, ಬಿಲ್ಲು ಕಳಿಸಿದ ಮೇಲೆ ಫೋನೇ ಎತ್ತಲಿಲ್ಲ. ಅಪ್ಪ ಪಿಎಫ್ ದುಡ್ಡು ತೆಗೆದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕೆಳಗಿನ ಡಿವಿಷನ್‌ಗೆ ಹೋಗುವ ಹುಡುಗರಿಗೆ ಅದಕ್ಕೇ ಹೇಳುತ್ತೇನೆ: ಸಹಿ ಹಾಕುವ ಮೊದಲು ಗಾಯದ ಖರ್ಚು ಯಾರದು ಎಂದು ಕಾಗದದಲ್ಲಿ ಬರೆಸಿಕೊಳ್ಳಿ, ಒಂದು ಪ್ರತಿ ಅಮ್ಮನ ಹತ್ತಿರ ಇಡಿ.

ಒಂಬತ್ತು ತಿಂಗಳು ಊರಲ್ಲಿದ್ದೆ. ಕ್ವಾರ್ಟರ್ಸ್‌ನ ಮೆಟ್ಟಿಲು ಹತ್ತಿ ಇಳಿಯುವುದೇ ವ್ಯಾಯಾಮ. ವಾಪಸ್ ಹೋದಾಗ ವೇಗ ಕಮ್ಮಿಯಾಗಿತ್ತು, ನಿಲ್ಲುವ ಜಾಗ ಮಾತ್ರ ಮೊದಲಿಗಿಂತ ಚೆನ್ನಾಗಿ ತಿಳಿಯುತ್ತಿತ್ತು. 2013-14ರಲ್ಲಿ ಬೆಂಗಳೂರು ಎಫ್‌ಸಿ ಮೊದಲ ಸೀಸನ್‌ನಲ್ಲೇ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದಿತಲ್ಲ, ಆಗ ಅವರ ತವರು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ನಾವು ಲೀಗ್ ಆಡುತ್ತಿದ್ದ ಅದೇ ಮೈದಾನ. ಟಿಕೆಟ್ ತಗೊಂಡು ಕೂತು ಅವರ ಎಡಬದಿಯ ಡಿಫೆಂಡರನ್ನೇ ತೊಂಬತ್ತು ನಿಮಿಷ ನೋಡಿದೆ. ಚೆಂಡು ಆಚೆ ಬದಿಯಲ್ಲಿದ್ದಾಗ ಅವನು ಎಷ್ಟು ಒಳಗೆ ಬಂದು ನಿಲ್ಲುತ್ತಾನೆ ಎಂದು ಟಿಕೆಟಿನ ಹಿಂಬದಿಯಲ್ಲಿ ಗೀಚಿಕೊಂಡಿದ್ದೆ. ಮುಂದಿನ ವಾರವೇ ಅದನ್ನು ಆಡಿ ನೋಡಿದೆ. ಒಂದೂ ಗೋಲು ಬಿಟ್ಟುಕೊಡದ ಆಟ ಅದು, ಈಗಲೂ ನೆನಪಿದೆ.

ಈಗ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರ ಬೆಳಿಗ್ಗೆ ಹದಿನೆಂಟು ಹುಡುಗರು ಬರುತ್ತಾರೆ. ಮಳೆಗಾಲದಲ್ಲಿ ಬೂಟು ಒಣಗಿಸುವುದೇ ಅವರಿಗೆ ದೊಡ್ಡ ಪಾಡು. ಬಚ್ಚಲೊಲೆಯ ಪಕ್ಕ ಇಟ್ಟರೆ ಅಂಟು ಬಿಟ್ಟು ತಳ ಬಾಯಿ ತೆರೆಯುತ್ತದೆ, ನನ್ನ ಮೊದಲ ಜೊತೆ ಹೋದದ್ದೇ ಹಾಗೆ. ಒಳಗೆ ಹಳೇ ಪೇಪರ್ ಗಿಡಿದು ಒಲೆಯಿಂದ ನಾಲ್ಕು ಮೊಳ ದೂರ ಇಡಬೇಕು, ಮಲಗುವ ಮುಂಚೆ ಒಂದು ಸಲ ಪೇಪರ್ ಬದಲಿಸಬೇಕು.

ಹೋದ ತಿಂಗಳು ನಮ್ಮ ಹುಡುಗನೊಬ್ಬ ಬೆಂಗಳೂರಿಗೆ ಆಯ್ಕೆಗೆ ಹೊರಟ. ಬಸ್ಸಿನ ಬಾಗಿಲಲ್ಲಿ ನಿಂತು "ಅಣ್ಣಾ, ಯಾವ ಜಾಗ ಅಂತ ಕೇಳಿದ್ರೆ ಎಂಥ ಹೇಳ್ಲಿ?" ಅಂದ. "ಮೊದ್ಲು ಎಲ್ಲರ ಕೈ ಇಳೀಲಿ ಮಾರಾಯಾ, ಆಮೇಲೆ ನೀನು ಎತ್ತು" ಅಂದೆ. ಅವನ ಚೀಲದಲ್ಲಿ ಮಂಡಿಯ ಹಳೇ ಪೇಪರ್ ಒಂದು ಕಟ್ಟು ಇಟ್ಟು ಕಳಿಸಿದೆ.