ಹೆಡ್ ಬದಲಿಸದೆ ಅಲೈನ್‌ಮೆಂಟ್ ಕೂರಿಸಿದ್ದು

ಇಂಕ್‌ಜೆಟ್ ಪ್ರಿಂಟರಿನಲ್ಲಿ ನೋಝಲ್ ಚೆಕ್ (ಹೆಡ್ಡಿನ ಇಂಕ್ ಉಗಿಯುವ ತೂತೆಲ್ಲ ತೆರೆದಿದೆಯೋ ಎಂದು ನೋಡುವ ಪುಟ) ತೆಗೆದರೆ ಒಂದು ಗೆರೆಯೂ ತಪ್ಪಿಲ್ಲ, ಆದರೆ ಅಕ್ಷರ ಮಾತ್ರ ಎರಡೆರಡಾಗಿ ಬರುತ್ತದೆ. ಈ ಕಾಯಿಲೆ ಕಂಡವರಿಗೆ ಮಾತ್ರ ಇದನ್ನು ಬರೆಯುತ್ತಿದ್ದೇನೆ. ಹೆಡ್ ಕ್ಲೀನಿಂಗ್ ಎಲ್ಲಿಂದ ಕೊಡುವುದು, ಹೆಡ್ ಹೊತ್ತು ಓಡುವ ಕ್ಯಾರೇಜಿನ ಲಾಕ್ ಬಿಡಿಸುವುದು ಹೇಗೆ ಎಂಬುದೆಲ್ಲ ನಿಮಗೆ ಗೊತ್ತುಂಟು, ಅದನ್ನು ವಿವರಿಸಲು ಹೋಗುವುದಿಲ್ಲ.

ನನ್ನದು ಉಡುಪಿಯಲ್ಲಿ ಜೆರಾಕ್ಸ್, ಫೋಟೋ ಪ್ರಿಂಟ್, ಆಮಂತ್ರಣ ಪತ್ರಿಕೆಯ ಸಣ್ಣ ಅಂಗಡಿ. ಮೆಷಿನ್ ಆರು ಬಣ್ಣದ ಎ3 ಇಂಕ್ ಟ್ಯಾಂಕ್, ಪೀಜೋ ಹೆಡ್ (ಕರೆಂಟಿಗೆ ಮಣಿಯುವ ಹರಳಿನಿಂದ ಹನಿ ತಳ್ಳುವಂಥದ್ದು). ಯಾವ ಕಂಪನಿಯದ್ದು ಎಂದು ಕೇಳಬೇಡಿ, ಕರಾವಳಿಯ ಮಳೆಗೆ ಕಂಪನಿಯ ಭೇದ ಇಲ್ಲ. ಮದುವೆ, ನೇಮ, ಬ್ರಹ್ಮಕಲಶ ಎಂದು ಬೇಸಿಗೆಯಿಡೀ ದುಡಿದ ಮೆಷಿನ್ ಪತ್ತನಾಜೆ (ತುಳುನಾಡಿನಲ್ಲಿ ನೇಮ, ಜಾತ್ರೆ ಮುಗಿಯುವ ದಿನ) ಕಳೆದು ಮಳೆ ಹಿಡಿದದ್ದೇ ಕೈ ಕೊಟ್ಟಿತು.

ಫೋಟೋದಲ್ಲಿ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಮುಖದ ಮೇಲೆ ಸ್ವಲ್ಪ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು, ಗಿರಾಕಿ ಏನೂ ಹೇಳದೆ ಹೋಗುತ್ತಿದ್ದ. ಸಿಕ್ಕಿಬಿದ್ದದ್ದು ಗಣೇಶೋತ್ಸವದ ಆಮಂತ್ರಣದಲ್ಲಿ. ನಮ್ಮ ಕಡೆಯ ಆಮಂತ್ರಣ ನಿಮಗೆ ಗೊತ್ತಲ್ಲ, ಗೌರವಾಧ್ಯಕ್ಷರಿಂದ ಹಿಡಿದು ಸರ್ವಸದಸ್ಯರ ತನಕ ಹೆಸರೋ ಹೆಸರು, ಎಲ್ಲ ಏಳು ಪಾಯಿಂಟಿನಲ್ಲಿ. ‘ಲಕ್ಷ್ಮೀನಾರಾಯಣ’ದ ಕ್ಷ್ಮೀ ಒಂದು ಕಪ್ಪು ಮುದ್ದೆ. ‘ಕಾರ್ಯಾಧ್ಯಕ್ಷರು’ ಬರೆದಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿ ಕೂತಿತ್ತು. ಇಂಗ್ಲಿಷ್ ಅಕ್ಷರಕ್ಕೆ ಇಷ್ಟು ತೊಂದರೆ ಇಲ್ಲ, ನಮ್ಮ ಒತ್ತಕ್ಷರಕ್ಕೆ ಒಂದು ಚುಕ್ಕಿ ಆಚೀಚೆಯಾದರೂ ಸಾಕು. ದೇವರ ಚಿತ್ರ ಮಸುಕಾದರೆ ಯಾರೂ ಕೇಳುವುದಿಲ್ಲ ಮಾರಾಯ್ರೆ, ತನ್ನ ಹೆಸರು ಮಸುಕಾದರೆ ಐನೂರು ರೂಪಾಯಿ ಕೊಟ್ಟವನೂ ಬಂದು ಅಂಗಡಿ ಎದುರು ನಿಲ್ಲುತ್ತಾನೆ.

ಮೊದಲು ಬಂದ ಟೆಕ್ನಿಷಿಯನ್ ಕವರ್ ಕೂಡ ತೆಗೆಯಲಿಲ್ಲ. "ಹೆಡ್ ಹೋಗಿದೆ, ಹದಿಮೂರು ಸಾವಿರ ಆಗ್ತದೆ, ಫಿಟ್ಟಿಂಗ್ ಬೇರೆ" ಅಂದ. ಬಂದದ್ದಕ್ಕೆ ಆರುನೂರು ತೆಗೆದುಕೊಂಡ. ಎರಡನೆಯವರು ಮಂಗಳೂರಿನಿಂದ ಬಂದವರು, ದೊಡ್ಡ ಅನುಭವಸ್ಥರು. ಅವರು ಪವರ್ ಕ್ಲೀನಿಂಗ್ ಮೇಲೆ ಪವರ್ ಕ್ಲೀನಿಂಗ್ ಕೊಟ್ಟು ಆರು ಟ್ಯಾಂಕಿನಲ್ಲೂ ಒಳ್ಳೆ ಇಂಕನ್ನು ವೇಸ್ಟ್ ಪ್ಯಾಡಿಗೆ ಕುಡಿಸಿದರು. ಸಾವಿರದ ಹತ್ತಿರದ ಇಂಕು ಹೋಯಿತು. ಕೊನೆಗೆ ಅವರದ್ದೂ ಅದೇ ಮಾತು, "ಹೆಡ್ಡೇ ಅಣ್ಣ, ಬೇರೆ ಎಂತದೂ ಅಲ್ಲ."

ನೋಝಲ್ ಎಲ್ಲ ಹೊಡೆಯುತ್ತಿರುವಾಗ ಹೆಡ್ ಹೋಗಿದೆ ಎಂದರೆ ನಾನು ಹೇಗೆ ನಂಬುವುದು? ಜತೆಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಪ್ರಿಂಟರಿನ ಯುಟಿಲಿಟಿ ಸಾಫ್ಟ್‌ವೇರ್‌ನಲ್ಲಿ, ಹೆಡ್ ಹೋಗುವಾಗ ಬರುವಾಗ ಬಿಟ್ಟ ಹನಿ ಒಂದಕ್ಕೊಂದು ಸರಿ ಕೂರಿಸುವ ಅಲೈನ್‌ಮೆಂಟ್ ಪುಟ ತೆಗೆದರೆ ಎಡಗಡೆ ಚಂದ ಕಾಣುವ ಚೌಕದ ನಂಬರ್ ಒಂದು, ಬಲಗಡೆ ಚಂದ ಕಾಣುವುದು ಇನ್ನೊಂದು. ಯಾವ ನಂಬರ್ ಕೊಟ್ಟರೂ ಒಂದು ಕಡೆ ಕೂತು ಇನ್ನೊಂದು ಕಡೆ ಏಳುತ್ತಿತ್ತು. ಹೆಡ್ ಹಾಳಾದರೆ ಪುಟವಿಡೀ ಒಂದೇ ರೀತಿ ಹಾಳಾಗಬೇಕಲ್ಲ.

ಆಟಿ ತಿಂಗಳು, ಶುಭಕಾರ್ಯ ಇಲ್ಲ, ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಮೆಷಿನ್ ಬಿಚ್ಚಿ ಕೂರಲು ಅದಕ್ಕಿಂತ ಒಳ್ಳೆ ಕಾಲ ಇಲ್ಲ.

ಬಿಚ್ಚುವ ಮೊದಲು ಒಂದು ಪರೀಕ್ಷೆ. ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರ್‌ನಲ್ಲಿ ಎ3 ಪುಟದ ಅಗಲಕ್ಕೆ ಎರಡು ಸೆಂಟಿಮೀಟರಿಗೊಂದರಂತೆ ಮೇಲಿಂದ ಕೆಳಗೆ ಹೇರ್‌ಲೈನ್ ಎಳೆದೆ, ಬರೀ ಕಪ್ಪು. ಹೈಸ್ಪೀಡ್ ಟಿಕ್ ಹಾಕಿ ಒಂದು ಪ್ರಿಂಟ್, ತೆಗೆದು ಇನ್ನೊಂದು. ಟಿಕ್ ತೆಗೆದರೆ ಹೆಡ್ ಒಂದೇ ದಿಕ್ಕಿಗೆ ಹೋಗುವಾಗ ಮಾತ್ರ ಹೊಡೆಯುತ್ತದೆ. ಆಗ ಗೆರೆ ನೇರ ಬಂದು, ಟಿಕ್ ಹಾಕಿದಾಗ ಮೆಟ್ಟಿಲಾದರೆ ಹೋಗುವ ಬರುವ ಟೈಮಿಂಗ್ ತಪ್ಪಿದೆ ಎಂದರ್ಥ, ಅದನ್ನು ಸಾಫ್ಟ್‌ವೇರ್‌ನಲ್ಲಿ ಕೂರಿಸಬಹುದು. ಟಿಕ್ ತೆಗೆದರೂ ಗೆರೆ ನಡುಗಿದರೆ ಸಾಫ್ಟ್‌ವೇರ್ ಮುಟ್ಟಿ ಪ್ರಯೋಜನ ಇಲ್ಲ, ಒಳಗೆ ಕೈ ಹಾಕಲೇಬೇಕು.

ಮಣಿಪಾಲದ ಪ್ರೆಸ್ಸೊಂದರಲ್ಲಿ ದುಡಿದು ನಿವೃತ್ತರಾದವರೊಬ್ಬರ ಹತ್ತಿರ ಪ್ರಿಂಟಿನ ಚುಕ್ಕಿ ನೋಡುವ ಭೂತಗನ್ನಡಿ, ಹಳೆಯ ಲೂಪ್ ಇತ್ತು, ತಂದು ಹಿಡಿದು ನೋಡಿದೆ. ಎಡದಿಂದ ಮುಕ್ಕಾಲು ಪುಟದ ತನಕ ಟಿಕ್ ತೆಗೆದರೆ ಗೆರೆ ದಾರ ಕಟ್ಟಿದಷ್ಟು ನೇರ, ಹಾಕಿದರೆ ಮೆಟ್ಟಿಲು. ಬಲಗಡೆಯ ಕೊನೆಯ ಮೂರ್ನಾಲ್ಕು ಗೆರೆ ಎರಡರಲ್ಲೂ ನಡುಕ. ಅಂದರೆ ಒಂದೇ ಮೆಷಿನ್ನಿನಲ್ಲಿ ಎರಡು ಕಾಯಿಲೆ. ಒಂದಕ್ಕೆ ಮದ್ದು ಮಾಡಿದಾಗ ಇನ್ನೊಂದು ಅದನ್ನು ಮುಚ್ಚಿಬಿಡುತ್ತಿತ್ತು. ಬಂದವರಿಗೆಲ್ಲ ಹೆಡ್ ಮೇಲೆ ಅನುಮಾನ ಬಂದದ್ದು ಇದರಿಂದ.

ಬಲಗಡೆ ಯಾಕೆ? ಹೆಡ್ ಪಾರ್ಕ್ ಆಗುವುದು ಅಲ್ಲಿ, ಇಂಕ್ ಉಗಿಯುವುದು ಅಲ್ಲಿ. ಬಾರ್ಡರ್ ಇಲ್ಲದ ಫೋಟೋ ಹೊಡೆದಾಗ ಪೇಪರಿನ ಹೊರಗೂ ಇಂಕ್ ಬೀಳುತ್ತದೆ, ಅದರ ಸಣ್ಣ ತುಂತುರು ಒಳಗೇ ತೇಲಿ, ಕ್ಯಾರೇಜಿನ ದಾರಿಯುದ್ದಕ್ಕೂ ಕಟ್ಟಿದ ಸಣ್ಣ ಗೆರೆಗಳ ಪ್ಲಾಸ್ಟಿಕ್ ಪಟ್ಟಿಯಾದ ಎನ್‌ಕೋಡರ್ ಸ್ಟ್ರಿಪ್ ಮೇಲೆ ಕೂರುತ್ತದೆ. ಬೇಸಿಗೆಯಲ್ಲಿ ಒಣಗಿ ಹೇಗೋ ನಡೆಯುತ್ತದೆ, ಮಳೆಯಲ್ಲಿ ಅಂಟಾಗುತ್ತದೆ. ಆ ಸ್ಟ್ರಿಪ್‌ನಲ್ಲಿ ಇಂಚಿಗೆ 180 ಗೆರೆ. ಸೆನ್ಸರ್ ಅದನ್ನು ಎಣಿಸಿಯೇ ಎಲ್ಲಿ ಹನಿ ಬಿಡಬೇಕೆಂದು ತಿಳಿಯುವುದು. ಎಣಿಕೆ ತಪ್ಪಿದರೆ ಹೊಸ ಹೆಡ್ ಹಾಕಿದರೂ ಅದೇ ಪಾಡು.

ಕನ್ನಡಕ ಒರೆಸುವ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಸ್ಟ್ರಿಪ್ಪಿನ ಎರಡು ಬದಿಗೂ ಮಡಿಸಿ ಹಿಡಿದು ಎಡದಿಂದ ಬಲಕ್ಕೆ ನಿಧಾನ ಎಳೆದೆ. ಮುಕ್ಕಾಲು ದಾರಿ ಬಟ್ಟೆ ಬಿಳಿಯೇ ಇತ್ತು. ಕೊನೆಯಲ್ಲಿ ನೇರಳೆ ಬಣ್ಣದ ಒಂದು ಪಟ್ಟಿ ಮೂಡಿತು, ಬೆರಳಿಗೆ ಜಿಗುಟು. ಪಾರ್ಕಿಂಗ್ ಹತ್ತಿರ ಒಂದು ಕಲೆ ಮಾತ್ರ ನೀರಿಗೆ ಬಿಡಲಿಲ್ಲ, ಕ್ಯಾರೇಜ್ ಓಡುವ ಕಂಬಿಯ (ರೈಲಿನ) ಗ್ರೀಸ್ ಹಾರಿದ್ದು. ಅದಕ್ಕೆ ನಾನು ಎರಡು ವಸ್ತು ಬೆರೆಸಿ ಒಂದು ದ್ರವ ಮಾಡಿಕೊಂಡಿದ್ದೇನೆ. ಎಂತ, ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಅಂಗಡಿ ನಡೆಯಬೇಕಲ್ಲ. ಥಿನ್ನರ್ ಮಾತ್ರ ಹತ್ತಿರ ತರಬೇಡಿ. ಪಡುಬಿದ್ರಿ ಕಡೆಯ ಒಬ್ಬರು ಥಿನ್ನರ್ ಹಾಕಿ ಉಜ್ಜಿ ಗೆರೆಗಳನ್ನೇ ಅಳಿಸಿ, ಬರೀ ಪ್ಲಾಸ್ಟಿಕ್ ಹಿಡಿದುಕೊಂಡು ನನ್ನಲ್ಲಿಗೆ ಬಂದಿದ್ದರು. ಸ್ಟ್ರಿಪ್ ತೆಗೆಯುವುದಾದರೆ ಯಾವ ಮುಖ ಎದುರಿಗೆ, ಸ್ಪ್ರಿಂಗ್ ಯಾವ ತುದಿಗೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ರೈಲಿನ ಹಳೆ ಗ್ರೀಸ್ ಪೇಪರ್ ಧೂಳು ಸೇರಿ ಕಪ್ಪು ಮೇಣವಾಗಿತ್ತು. ಒರೆಸಿ ತೆಳುವಾಗಿ ಹೊಸದು ಹಚ್ಚಿದೆ. ರೈಲಿನ ಮೇಲೆ ಕ್ಯಾರೇಜ್ ಜಾರುವ ಬುಷ್ ಅಲ್ಲಾಡುತ್ತಿರಲಿಲ್ಲ, ಬೆಲ್ಟ್ ಸರಿ ಇತ್ತು.

ಗೆರೆ ಪರೀಕ್ಷೆ ಪುನಃ ತೆಗೆದರೆ ಬಲಗಡೆಯ ನಡುಕ ಮಾಯ. ಉಳಿದದ್ದು ಮೆಟ್ಟಿಲು ಒಂದೇ. ಯುಟಿಲಿಟಿಯಲ್ಲಿ ಅಲೈನ್‌ಮೆಂಟ್ ಕೊಟ್ಟೆ, 75 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಸಾದಾ ಪೇಪರಿನಲ್ಲಿ ಕನ್ನಡಿಯ ಹಾಗೆ ಬಂತು. ಖುಷಿಯಲ್ಲಿ ಆಮಂತ್ರಣದ 250 ಜಿಎಸ್‌ಎಂ ಬೋರ್ಡ್ ಹಾಕಿದೆ. ಕ್ಷ್ಮೀ ಪುನಃ ಮುದ್ದೆ! ಇಲ್ಲಿ ತಲೆ ಕೆಡಿಸಿಕೊಂಡಷ್ಟು ಬೇರೆಲ್ಲೂ ಕೆಡಿಸಿಕೊಂಡಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಹನಿ ಸೆಕೆಂಡಿಗೆ ಏಳೆಂಟು ಮೀಟರ್ ವೇಗದಲ್ಲಿ ಬೀಳುತ್ತದೆ, ಅಷ್ಟರಲ್ಲಿ ಕ್ಯಾರೇಜ್ ಅಡ್ಡಕ್ಕೆ ಅರ್ಧ ಮೀಟರ್ ಆಸುಪಾಸಿನ ವೇಗದಲ್ಲಿ ಓಡುತ್ತಿರುತ್ತದೆ. ಬೋರ್ಡ್ ದಪ್ಪ ಇದ್ದಷ್ಟು ಹನಿ ಬೇಗ ಮುಟ್ಟುತ್ತದೆ. ಹೆಡ್ ಉಜ್ಜಬಾರದೆಂದು ಥಿಕ್ ಪೇಪರ್ ಸೆಟ್ಟಿಂಗ್ ಹಾಕಿ ಗ್ಯಾಪ್ (ಹೆಡ್ಡಿಗೂ ಪೇಪರಿಗೂ ನಡುವಿನ ಅಂತರ) ಏರಿಸಿದರೆ ತಡವಾಗಿ ಮುಟ್ಟುತ್ತದೆ. ಹೋಗುವಾಗ ಆ ಕಡೆಗೆ, ಬರುವಾಗ ಈ ಕಡೆಗೆ ತಪ್ಪಿ ವ್ಯತ್ಯಾಸ ಡಬಲ್ ಆಗುತ್ತದೆ. ಗ್ಯಾಪಿನಲ್ಲಿ ಕಾಲು ಮಿಲಿಮೀಟರ್ ಬದಲಾದರೆ ಅಕ್ಷರದಲ್ಲಿ 0.03 ಮಿ.ಮೀ. ಹತ್ತಿರ. 720 ಡಿಪಿಐನಲ್ಲಿ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಇರುವುದೇ 0.035!

ಹಾಗಾದರೆ ಬೋರ್ಡಿನಲ್ಲಿ ಪ್ರಿಂಟ್ ಮಾಡುವವನು ಅಲೈನ್‌ಮೆಂಟ್ ಪುಟವನ್ನೂ ಬೋರ್ಡಿನಲ್ಲೇ ತೆಗೆಯಬೇಕು. ಅದೇ ದಪ್ಪ, ಅದೇ ಸೆಟ್ಟಿಂಗ್. ಇದನ್ನು ಹೇಳಿದಾಗ ಪಕ್ಕದ ಸ್ಟುಡಿಯೋದವರು ನಕ್ಕಿದ್ದರು, "ಟೆಸ್ಟಿಗೂ ಬೋರ್ಡು ಹಾಳು ಮಾಡ್ತೀರಾ?" ಹಾಳು ಮಾಡಿದ್ದು ಎ4 ಅಳತೆಗೆ ಕತ್ತರಿಸಿದ ಹತ್ತೋ ಹನ್ನೆರಡೋ ತುಂಡು, ನೂರು ರೂಪಾಯಿ ಬಾಳದ್ದು. ನನ್ನ ಮೆಷಿನ್ನಿನಲ್ಲಿ ಸಾದಾ ಪೇಪರಿನಿಂದ ಬೋರ್ಡಿಗೆ ಹೋಗುವಾಗ ಎರಡು ನಂಬರ್ ಆಚೆ, ವಾಪಸ್ ಬರುವಾಗ ಎರಡು ಈಚೆ. ಫೋಟೋ ಪೇಪರಿಗೆ ಒಂದೇ. ಇದನ್ನು ಬರೆದು ಕವರಿನ ಒಳಗೆ ಟೇಪ್ ಅಂಟಿಸಿದ್ದೇನೆ. ನಿಮ್ಮ ಮೆಷಿನ್ನಿಗೆ ಈ ನಂಬರ್ ಹೊಂದುವುದಿಲ್ಲ, ನೀವೇ ತೆಗೆಯಬೇಕು. ಪ್ರತಿ ಸಲ ಪುಟ ತೆಗೆಯದೆ ನಂಬರ್ ಬದಲಿಸುವ ಒಂದು ಅಡ್ಡದಾರಿಯೂ ಉಂಟು, ಅದು ಅಂಗಡಿಗೆ ಬಂದವರಿಗೆ ಮಾತ್ರ.

ಬೇರೆ ಕೆಲವು ಪ್ರಯೋಗಗಳೂ ನಡೆದವು, ಎಲ್ಲವೂ ಕೈಗೂಡಲಿಲ್ಲ. ಮ್ಯಾನುವಲ್‌ನಲ್ಲಿ ತೇವಾಂಶ ಶೇ. 20ರಿಂದ 80 ಇರಬೇಕು ಎಂದು ಉಂಟು, ನಮ್ಮ ಅಂಗಡಿಯ ಮೀಟರ್ ಜುಲೈಯಲ್ಲಿ 90ರಿಂದ ಕೆಳಗೆ ಇಳಿಯುವುದೇ ಅಪರೂಪ. ಸಿಲಿಕಾ ಜೆಲ್ ಅರ್ಧ ಕಿಲೋ ತಂದು ಕವರಿನ ಒಳಗೆ ಇಟ್ಟೆ, ಎರಡು ದಿನಕ್ಕೆ ನೀಲಿ ಹೋಗಿ ಗುಲಾಬಿ, ಇನ್ನೂರು ರೂಪಾಯಿ ದಂಡ. ಹಳೆ ಸ್ಟುಡಿಯೋದವರು ಲೆನ್ಸಿಗೆ ಫಂಗಸ್ ಬಾರದ ಹಾಗೆ ಕಪಾಟಿನಲ್ಲಿ ಬಲ್ಬು ಉರಿಸುತ್ತಿದ್ದರಲ್ಲ, ಬೋರ್ಡ್ ಇಡುವ ಸ್ಟೀಲ್ ಕಪಾಟಿಗೆ ನಲ್ವತ್ತು ವ್ಯಾಟಿನದ್ದು ಹಾಕಿದೆ. ಅದು ಗೆದ್ದಿತು, ಬೋರ್ಡ್ ಸುರುಳುವುದು ನಿಂತಿತು. ಸುರುಳಿದ ಬೋರ್ಡಿನ ಅಂಚು ಎದ್ದರೆ ಅಲ್ಲಿ ಗ್ಯಾಪ್ ಬದಲಾಗಿ ಅಲೈನ್‌ಮೆಂಟ್ ಪುನಃ ತಪ್ಪುತ್ತದೆ, ಹಾಗಾಗಿ ಇದೂ ಬೇಕಾದದ್ದೇ. ಬಲ್ಬಿನಿಂದ ಪೇಪರ್ ದೂರ ಇಡಿ. ಕಪ್ಪೊಂದನ್ನು ಪಿಗ್ಮೆಂಟ್ (ಬಣ್ಣದ ಪುಡಿ ತೇಲುವ) ಇಂಕಿಗೆ ಬದಲಿಸಿದರೆ ಅಕ್ಷರ ಇನ್ನೂ ಚೂಪಾಗುವುದೋ ನೋಡುವ ಆಸೆ ಇತ್ತು, ಬಣ್ಣ ಪೂರ್ತಿ ಕರಗಿದ ಡೈ ಇಂಕಿನ ಹೆಡ್ಡಿಗೆ ಅದನ್ನು ಕುಡಿಸಲು ಧೈರ್ಯ ಬರಲಿಲ್ಲ.

ಒಟ್ಟು ಖರ್ಚು? ಲಿಕ್ವಿಡ್, ಗ್ರೀಸ್, ಬಟ್ಟೆ, ಬೋರ್ಡ್, ಮುಂಜಾಗ್ರತೆಗೆ ತಂದಿಟ್ಟ ಹೊಸ ಸ್ಟ್ರಿಪ್ ಇನ್ನೂರೈವತ್ತು, ಎಲ್ಲ ಸೇರಿ ಏಳುನೂರು ದಾಟಿಲ್ಲ. ದಂಡ ಹೋದ ಇಂಕ್, ಟೆಕ್ನಿಷಿಯನ್ ಚಾರ್ಜು ಸೇರಿಸಿದರೆ ಎರಡೂವರೆ ಸಾವಿರದ ಒಳಗೆ. ಹದಿಮೂರು ಸಾವಿರದ ಹೆಡ್ ಹಾಕಿಸಿದ್ದರೆ ಅದೇ ಕೊಳಕು ಸ್ಟ್ರಿಪ್ಪಿನ ಮೇಲೆ ಅದೂ ಓಡಬೇಕಿತ್ತು. ಈಗ ಆರು ಪಾಯಿಂಟಿಗೂ ಕ್ಷ್ಮೀ ಬಿಡಿಬಿಡಿಯಾಗಿ ಓದಲು ಬರುತ್ತದೆ. ನಕ್ಕ ಸ್ಟುಡಿಯೋದವರು ಪಾಸ್‌ಪೋರ್ಟ್ ಫೋಟೋ ಹೊಡೆಯುವ ತಮ್ಮ ಮೆಷಿನ್ನನ್ನು ನನ್ನ ಮೇಜಿನ ಮೇಲೆ ತಂದಿಟ್ಟಿದ್ದಾರೆ. ಅದರ ಸ್ಟ್ರಿಪ್ ಶುದ್ಧ ಉಂಟು, ಗೆರೆ ಮಾತ್ರ ಎಡಗಡೆ ನಡುಗುತ್ತದೆ. ನನಗೆ ಬೆಲ್ಟಿನ ಮೇಲೆ ಅನುಮಾನ, ನಾಳೆ ಬಿಚ್ಚಬೇಕು.