ದಂಪತಿಗಳು ಕೂಡಿ ಕಾಣುವ ಕನಸಿಗೆ ಲೆಕ್ಕವೂ ಬೇಕು

ಕ್ರೈಸ್ತ ದಂಪತಿಗಳು ಮನೆ ಕಟ್ಟುವುದಾಗಲಿ, ಮಗುವನ್ನು ದತ್ತು ಪಡೆಯುವುದಾಗಲಿ, ಸಭೆಯ (ಚರ್ಚಿನ) ಸೇವೆಯಾಗಲಿ, ಯಾವುದನ್ನೇ ಕೈಗೊಳ್ಳುವ ಮುನ್ನ ಇಬ್ಬರೂ ತಮ್ಮ ಆಸೆಗಳನ್ನು ಪ್ರತ್ಯೇಕವಾಗಿ ಬರೆದು, ಬಳಿಕ ಜೊತೆಯಾಗಿ ಕುಳಿತು ಓದಿ ಪ್ರಾರ್ಥಿಸುವುದು ಒಳಿತು. ಇದರಿಂದ, ಮಾತಿನಲ್ಲಿ ಮುಂದಿರುವವರ ಕನಸೇ ಇಬ್ಬರ ಕನಸೂ ಆಗಿಬಿಡುವುದು ತಪ್ಪುತ್ತದೆ. ‘ದೇವರ ಚಿತ್ತ’ ಎಂದು ಹೇಳಿ ಸಂಗಾತಿಯ ಬಾಯಿ ಮುಚ್ಚಿಸುವುದಂತೂ ಸಲ್ಲದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕಹಾಕುವ ಸಾಮ್ಯವನ್ನು (ಬೈಬಲ್, ಲೂಕ 14:28) ಯೇಸು ಶಿಷ್ಯತ್ವದ ಕುರಿತು ಹೇಳಿದ್ದರೂ, ಹಣ, ಸಮಯ, ಆರೋಗ್ಯಗಳನ್ನು ತೂಗಿನೋಡುವ ಆ ವಿವೇಕ ಸಂಸಾರಕ್ಕೂ ಬೇಕು. ಕೂಡಿ ದುಡಿಯುವುದಕ್ಕೆ ಬೈಬಲಿನಲ್ಲೇ ಮಾದರಿಯಿದೆ: ಗುಡಾರ ಮಾಡುವ ಕಸುಬಿನ ದಂಪತಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಕೊರಿಂಥದಲ್ಲಿ ಅಪೊಸ್ತಲ ಪೌಲನಿಗೆ ಆಶ್ರಯವಿತ್ತರು, ಎಫೆಸದಲ್ಲಿ ಬೋಧಕನಾದ ಅಪೊಲ್ಲೋಸನಿಗೆ ಇಬ್ಬರೂ ಕೂಡಿಯೇ ಬೋಧಿಸಿದರು. ಆರಂಭಕ್ಕೆ ಬೇಗ ಮುಗಿಯುವ ಸಣ್ಣ ಕೆಲಸವನ್ನು ಆರಿಸಿ, ಯಾರ ಹೊಣೆ ಏನೆಂದು ಬರೆದಿಟ್ಟು, ತಿಂಗಳಿಗೊಮ್ಮೆ ಪರಿಶೀಲಿಸಿ.